ಎರಡು ಬಾಗಿಲಿನ ಕಾರಿಗೆ 22 ಲಕ್ಷ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕೂಪೆಗಳ, ಅಂದರೆ ಎರಡೇ ಬಾಗಿಲಿನ ತಗ್ಗು ಕಾರುಗಳ, ಬಗ್ಗೆಯೇ ಇವೆ. ಕಾಫಿ, ಮೆಣಸು ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತು, ಕೇಳುವುದು ಸಹಜವೇ. ಮೊದಲ ಪತ್ರಕ್ಕೆ ಉದ್ದವಾಗಿ ಬರೆದಿದ್ದೇನೆ, ಯಾಕೆಂದರೆ ಅದೇ ತಪ್ಪನ್ನು ಬಹಳ ಜನ ಮಾಡುವುದನ್ನು ನೋಡಿದ್ದೇನೆ.

ಪ್ರಶ್ನೆ: ನಾನು ಗೋಣಿಕೊಪ್ಪಲು ಹತ್ತಿರದ ಕಾಫಿ ಬೆಳೆಗಾರ, ವಯಸ್ಸು 33. ಮನೆಯಲ್ಲಿ ಒಂದು ಜೀಪು, ಒಂದು ಸಣ್ಣ ಕಾರು ಇವೆ. ಚಿಕ್ಕಂದಿನಿಂದ ಒಂದು ಕೂಪೆ ಇಟ್ಟುಕೊಳ್ಳಬೇಕೆಂಬ ಆಸೆ. 22 ಲಕ್ಷ ತೆಗೆದಿಟ್ಟಿದ್ದೇನೆ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಬೆಂಗಳೂರಿನಲ್ಲಿ ಎರಡು ಆಡಿ ಟಿಟಿ ನೋಡಿದೆ, ಎರಡೂ 2012ರವು. ಒಂದಕ್ಕೆ 21 ಲಕ್ಷ ಹೇಳುತ್ತಾರೆ. 19 ಇಂಚಿನ ಚಕ್ರ, ಮ್ಯಾಗ್ನೆಟಿಕ್ ರೈಡ್ ಸಸ್ಪೆನ್ಷನ್, ಬೋಸ್ ಸ್ಪೀಕರ್, ಆಡಿಯ ಸ್ಪೋರ್ಟಿ ಪ್ಯಾಕೇಜಿನ ಎಸ್ ಲೈನ್ ಬ್ಯಾಡ್ಜ್, 48 ಸಾವಿರ ಕಿಲೋಮೀಟರ್, ಮೂರು ಕೈ ಬದಲಾಗಿದೆ. ಇನ್ನೊಂದು 17 ಲಕ್ಷ. 17 ಇಂಚಿನ ಚಕ್ರ, ಮಾಮೂಲಿ ಸಸ್ಪೆನ್ಷನ್, 74 ಸಾವಿರ ಕಿಲೋಮೀಟರ್, ಒಬ್ಬರೇ ಓನರ್, ಎಲ್ಲ ಸರ್ವಿಸ್ ಬಿಲ್ಲುಗಳೂ ಇವೆ. ಮನಸ್ಸು ಮೊದಲನೆಯದರ ಮೇಲೇ ಇದೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ಎರಡನೆಯದು. ನಿಮ್ಮ ಮನಸ್ಸು ಯಾಕೆ ಮೊದಲನೆಯದರ ಮೇಲಿದೆ ಅಂತ ನನಗೆ ಅರ್ಥವಾಗುತ್ತದೆ. ದೊಡ್ಡ ಚಕ್ರದ ಟಿಟಿ ಪಕ್ಕದಲ್ಲಿ ಸಣ್ಣ ಚಕ್ರದ್ದು ನಿಂತರೆ ಕಣ್ಣು ಹೋಗುವುದು ದೊಡ್ಡದರ ಕಡೆಗೇ. ಆದರೆ ನೀವು ಓಡಿಸಬೇಕಾದದ್ದು ನಮ್ಮ ಕೊಡಗಿನ ರಸ್ತೆಯಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. 19 ಇಂಚಿನ ಚಕ್ರಕ್ಕೆ ಬರುವ ಟೈರು 255/35. ಅಂದರೆ 255 ಮಿಲಿಮೀಟರ್ ಅಗಲ, ಅದರ ಶೇ 35ರಷ್ಟು ಎತ್ತರ. ಹತ್ತಿರ ಹತ್ತಿರ 89 ಮಿಲಿಮೀಟರ್ ಆಯಿತು. 17 ಇಂಚಿನದು 245/45, ಅದರ ಎತ್ತರ 110 ಮಿಲಿಮೀಟರ್. ಗುಂಡಿಗೂ ರಿಮ್ಮಿಗೂ ನಡುವೆ ಎರಡು ಸೆಂಟಿಮೀಟರ್ ಜಾಸ್ತಿ ರಬ್ಬರು ಇದೆ. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ತುಂಬಿ ಅದು ಗುಂಡಿಯೋ ಬರೀ ನೀರೋ ಗೊತ್ತಾಗದೇ ಹೋದಾಗ, ಆ ಎರಡು ಸೆಂಟಿಮೀಟರ್ ನಿಮ್ಮ ರಿಮ್ಮನ್ನು ಉಳಿಸುತ್ತದೆ. ಟೈರು ಒಡೆದರೂ 17 ಇಂಚಿನದು ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ.

ಇನ್ನು ಮ್ಯಾಗ್ನೆಟಿಕ್ ರೈಡ್. ಅದರ ಕೆಲಸ ನಿಜಕ್ಕೂ ಚೆಂದ. ಶಾಕ್ ಅಬ್ಸಾರ್ಬರ್ ಒಳಗಿನ ಆಯಿಲ್‌ನಲ್ಲಿ ಕಬ್ಬಿಣದ ತೀರಾ ಸಣ್ಣ ಕಣಗಳಿರುತ್ತವೆ. ಕರೆಂಟ್ ಹರಿದ ಕೂಡಲೇ ಆ ಕಣಗಳು ಸಾಲಾಗಿ ನಿಂತು ಆಯಿಲ್ ಬಿಗಿಯಾಗುತ್ತದೆ, ಶಾಕ್ ಗಟ್ಟಿಯಾಗುತ್ತದೆ. ಕರೆಂಟ್ ಕಡಿಮೆಯಾದರೆ ಮತ್ತೆ ಮೆತ್ತಗೆ. ಹೊಸ ಕಾರಿನಲ್ಲಿ ಇದು ಸಿಕ್ಕರೆ ನಾನೂ ಬೇಡ ಅನ್ನುವುದಿಲ್ಲ. ಆದರೆ ಇದು 2012ರ ಕಾರು. ಸೀಲು ಹಳೆಯದಾಗಿ ಆಯಿಲ್ ಸೋರಲು ಶುರುವಾದರೆ ಶಾಕ್ ಬದಲಾಯಿಸಲೇಬೇಕು, ಒಂದೊಂದರ ಬೆಲೆಯೂ ಮಾಮೂಲಿ ಶಾಕ್‌ನ ಹಲವು ಪಟ್ಟು. ನಾಲ್ಕು ಚಕ್ರಕ್ಕೆ ನಾಲ್ಕು. ನಿಮ್ಮ ಕೈಯಲ್ಲಿ ಉಳಿಯುವ ಒಂದು ಲಕ್ಷದಲ್ಲಿ ಅದು ಮುಗಿಯುವ ಮಾತಲ್ಲ.

ಎಕ್ಸ್‌ಟ್ರಾ ಫಿಟ್ಟಿಂಗ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೇ. ಮೊದಲ ಓನರ್ ಅದಕ್ಕೆ ಲಕ್ಷಗಟ್ಟಲೆ ಕೊಟ್ಟಿರುತ್ತಾರೆ. ಹಳೆ ಕಾರಿನ ಮಾರುಕಟ್ಟೆಯಲ್ಲಿ ಅದಕ್ಕೆ ಅಷ್ಟು ಬೆಲೆಯಿಲ್ಲ. ಆದರೆ ಅದು ಕೆಟ್ಟಾಗ ಕೊಡಬೇಕಾದದ್ದು ಮಾತ್ರ ಹೊಸದರ ಬೆಲೆ. ಹಾಗಾಗಿ ಕೆಡುವ ಎಕ್ಸ್‌ಟ್ರಾ, ಕೆಡದ ಎಕ್ಸ್‌ಟ್ರಾ ಅಂತ ಬೇರೆ ಮಾಡಿ ನೋಡಿ. ಒಳ್ಳೆ ಸೀಟು, ಝೆನಾನ್ ದೀಪ, ಪಾರ್ಕಿಂಗ್ ಸೆನ್ಸರ್ ಇದ್ದರೆ ಸಂತೋಷ, ಅದರಲ್ಲೂ ಮಂಜು ಕವಿದ ಸಂಜೆ ಮನೆಗೆ ಬರುವಾಗ ದೀಪದ ಬೆಲೆ ಗೊತ್ತಾಗುತ್ತದೆ. ಬೋಸ್ ಸ್ಪೀಕರ್ ಇದ್ದರೆ ಇರಲಿ, ಅದಕ್ಕೆ ಅಂತ ದುಡ್ಡು ಕೊಡಬೇಡಿ. ಎಸ್ ಲೈನ್ ಬ್ಯಾಡ್ಜ್ ಅಂಗಡಿಯಲ್ಲೂ ಸಿಗುತ್ತದೆ. ಆಡಿ, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಡಿಕ್ಕಿಯ ತಳದಲ್ಲಿ, ಸರ್ವಿಸ್ ಪುಸ್ತಕದಲ್ಲಿ ಒಂದು ಬಿಳಿ ಸ್ಟಿಕ್ಕರ್ ಇರುತ್ತದೆ. ಫ್ಯಾಕ್ಟರಿಯಲ್ಲಿ ಏನೇನು ಹಾಕಿದ್ದರು ಅನ್ನುವುದರ ಕೋಡ್‌ಗಳು ಅದರಲ್ಲಿರುತ್ತವೆ. ಅದರ ಫೋಟೊ ತೆಗೆದುಕೊಂಡು ಗೊತ್ತಿರುವವರ ಹತ್ತಿರ ಓದಿಸಿ. ಸ್ಟಿಕ್ಕರ್ ಕಿತ್ತು ಹೋಗಿದ್ದರೆ ಯಾಕೆ ಅಂತ ಕೇಳಿ.

ಮೂರು ಕೈ ಬದಲಾಗಿ 48 ಸಾವಿರ ಕಿಲೋಮೀಟರ್ ಅಂದರೆ ಸುಮ್ನೆ ನಂಬಬೇಡಿ. ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗ್‌ನ ಚರ್ಮ, ಡ್ರೈವರ್ ಸೀಟಿನ ಬಲಗಡೆ ಅಂಚು, ಈ ಮೂರನ್ನು ನೋಡಿ. ಹತ್ತಿ ಇಳಿಯುವಾಗ ಸವೆಯುವುದು ಆ ಅಂಚೇ. ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿದರೆ ಹಳೆಯ ದೋಷಗಳು ಎಷ್ಟು ಕಿಲೋಮೀಟರ್‌ಗೆ ದಾಖಲಾಗಿವೆ ಅನ್ನುವುದೂ ಎಷ್ಟೋ ಸಲ ಕಾಣುತ್ತದೆ. ಮೀಟರ್‌ನಲ್ಲಿ 48 ಸಾವಿರ, ದೋಷ ದಾಖಲಾದದ್ದು 80 ಸಾವಿರದಲ್ಲಿ ಅಂತಿದ್ದರೆ ಅಲ್ಲೇ ಎದ್ದು ಬನ್ನಿ.

ಹಾಗಂತ 17 ಲಕ್ಷದ್ದನ್ನೂ ಕಣ್ಣು ಮುಚ್ಚಿ ತರುವ ಹಾಗಿಲ್ಲ. ಆ ಕಾಲದ ಟಿಟಿಯಲ್ಲಿರುವುದು 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 211 ಅಶ್ವಶಕ್ತಿ. ಓಡಿಸಲು ಬಹಳ ಖುಷಿ ಕೊಡುತ್ತದೆ. ಆದರೆ ಆ ವರ್ಷಗಳ ಎಂಜಿನ್‌ಗಳಲ್ಲಿ, ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಸೋಲುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಅದು ಸೋತು ಚೈನ್ ಹಲ್ಲು ಜಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ, ಎಂಜಿನ್ ಕಥೆ ಮುಗಿಯುತ್ತದೆ. ಹಾಗಾಗಿ ನೋಡಲು ಬೆಳಿಗ್ಗೆಯೇ ಹೋಗಿ. ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಟ್ಟಿರಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ, ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗ ಮೊದಲ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬಂದರೆ ಚೈನ್ ಕೆಲಸ ಕಾದಿದೆ ಅಂತ ಲೆಕ್ಕ. ಟೆನ್ಷನರ್ ಬದಲಾಯಿಸಿದ ಬಿಲ್ ಇದ್ದರೆ ಆ ಒಂದು ಕಾಗದಕ್ಕೆ ಬೋಸ್ ಸ್ಪೀಕರ್‌ಗಿಂತ ಜಾಸ್ತಿ ಬೆಲೆ ಕೊಡುತ್ತೇನೆ ನಾನು. ಎರಡು ಸರ್ವಿಸ್ ನಡುವೆ ಎಷ್ಟು ಲೀಟರ್ ಎಂಜಿನ್ ಆಯಿಲ್ ಹಾಕಿದ್ದಾರೆ ಅಂತಲೂ ಕೇಳಿ, ಈ ಎಂಜಿನ್‌ಗಳು ಆಯಿಲ್ ಕುಡಿಯುವುದೂ ಉಂಟು.

ಗೇರ್‌ಬಾಕ್ಸ್ ಎರಡು ಕ್ಲಚ್ಚಿನದು, ಆಯಿಲ್‌ನಲ್ಲಿ ಮುಳುಗಿರುವಂಥದ್ದು. ಸುಮಾರು 60 ಸಾವಿರ ಕಿಲೋಮೀಟರ್‌ಗೆ ಅದರ ಆಯಿಲ್ ಬದಲಾಯಿಸಬೇಕು. 74 ಸಾವಿರ ಓಡಿದ ಕಾರಿನಲ್ಲಿ ಆ ಬಿಲ್ ಇರಲೇಬೇಕು. ಏರಿನಲ್ಲಿ ನಿಲ್ಲಿಸಿ ಮೆಲ್ಲಗೆ ಬ್ರೇಕ್ ಬಿಟ್ಟು ನೋಡಿ. ಅದುರದೆ ಮುಂದೆ ಹೋಗಬೇಕು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕ್ವಾಟ್ರೊ ಆಗಿದ್ದರೆ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಹಾಲ್ಡೆಕ್ಸ್ ಜೋಡಣೆಯ ಆಯಿಲ್ ಬದಲಾಗಿದೆಯೇ ಅಂತಲೂ ಕೇಳಿ. ಬಹಳ ಜನ ಅದನ್ನು ಮರೆತೇ ಬಿಟ್ಟಿರುತ್ತಾರೆ.

ಒಂದು ಸಮಾಧಾನದ ವಿಷಯವಿದೆ. ಟಿಟಿ 1998ರಲ್ಲಿ ಶುರುವಾಗಿ 2023ರ ನವೆಂಬರ್‌ನಲ್ಲಿ ನಿಂತುಹೋಯಿತು, ಇನ್ನು ಹೊಸದು ಬರುವುದಿಲ್ಲ. ಆದರೆ ಅದರ ಎಂಜಿನ್‌ನ ಬಳಗ ನಮ್ಮಲ್ಲಿ ಸ್ಕೋಡಾ ಲಾರಾ, ಸುಪರ್ಬ್‌ಗಳ 1.8 ಟರ್ಬೊದಲ್ಲೂ ಇತ್ತು. ಹಾಗಾಗಿ ಬೆಂಗಳೂರಿನ ಒಳ್ಳೆ ಗ್ಯಾರೇಜಿನವರಿಗೆ ಅದರ ಒಳಹೊರಗು ಗೊತ್ತು.

2012ರ ಕಾರಿನ ಆರ್‌ಸಿ 15 ವರ್ಷಕ್ಕೆ, ಅಂದರೆ 2027ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹೊರದೇಶದಿಂದ ತಂದ ಕಾರಿಗೆ ಆ ಶುಲ್ಕ ಜಾಸ್ತಿ. ಚೌಕಾಸಿ ಮಾಡುವಾಗ ಇದನ್ನು ಎತ್ತಿ.

ಕೊನೆಯದಾಗಿ ನಿಮ್ಮ ಮನೆ ದಾರಿ. ಗೇಟಿನಿಂದ ಮನೆಯವರೆಗೆ ತೋಟದೊಳಗೆ ಮಣ್ಣು ರಸ್ತೆಯೇ? ಜೀಪು, ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ತಗ್ಗಾಗಿ ನಡುವೆ ದಿಬ್ಬ ಎದ್ದಿದ್ದರೆ ಟಿಟಿಯ ಹೊಟ್ಟೆ ಅಲ್ಲೇ ಉಜ್ಜುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಆ ದಾರಿಗೆ ಎರಡು ಲೋಡ್ ಜಲ್ಲಿ ಹಾಕಿಸುವ ಖರ್ಚು ಸೇರಿಸಿಕೊಳ್ಳಿ, ಇಲ್ಲವೇ ಗೇಟಿನ ಹತ್ತಿರವೇ ಒಂದು ಶೆಡ್ ಮಾಡಿ. ಕಾರನ್ನು 17 ಲಕ್ಷದೊಳಗೆ ಮುಗಿಸಿ. ವರ್ಗಾವಣೆ, ಇನ್ಶೂರೆನ್ಸ್, ಹೊಸ ಟೈರು, ಎಲ್ಲ ಆಯಿಲ್‌ಗಳು ಆದ ಮೇಲೂ ಎರಡು ಲಕ್ಷ ಬ್ಯಾಂಕಿನಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಅದನ್ನು ಮೊದಲ ವರ್ಷ ಮುಟ್ಟಬೇಡಿ, ಕಾರೇ ಕೇಳಿದರೆ ಮಾತ್ರ ಕೊಡಿ.

ಪ್ರಶ್ನೆ: ಮಗನಿಗೆ 25 ವರ್ಷ, ಮೈಸೂರಿನಲ್ಲಿ ಕೆಲಸ. ಹಳೆಯ ಸ್ಪೋರ್ಟ್ಸ್ ಕಾರು ತೆಗೆದುಕೊಂಡು ವಾರ ವಾರ ಮಡಿಕೇರಿಗೆ ಬರುತ್ತೇನೆ ಅನ್ನುತ್ತಾನೆ. ಮಳೆಯಲ್ಲಿ, ಮಂಜಿನಲ್ಲಿ ಅಂಥ ಕಾರು ಓಡಿಸುವುದು ಸರಿಯೇ? ನನಗೆ ಹೆದರಿಕೆ.

ಉತ್ತರ: ಅಮ್ಮಾ, ನಿಮ್ಮ ಹೆದರಿಕೆ ನ್ಯಾಯವಾದದ್ದೇ. ಕುಶಾಲನಗರದವರೆಗೆ ರಸ್ತೆ ಆರಾಮ, ಸುಂಟಿಕೊಪ್ಪ ದಾಟಿದ ಮೇಲೆ ಏರು, ತಿರುವು, ಜುಲೈ ಬಂದರೆ ಹತ್ತಡಿ ಮುಂದೆ ಕಾಣದ ಮಂಜು. ಆದರೆ ಕಾರು ಸ್ಪೋರ್ಟ್ಸ್ ಅನ್ನುವ ಕಾರಣಕ್ಕೇ ಅಪಾಯ ಅಲ್ಲ. ಒಳ್ಳೆ ಟೈರು, ಒಳ್ಳೆ ಬ್ರೇಕು ಇದ್ದರೆ ಅದು ಎಷ್ಟೋ ಮಾಮೂಲಿ ಕಾರುಗಳಿಗಿಂತ ಚೆನ್ನಾಗಿ ನಿಲ್ಲುತ್ತದೆ. ತೊಂದರೆ ಬರುವುದು ಹಳೆ ಟೈರಿನಿಂದ. ಇಂಥ ಕಾರುಗಳು ಹೆಚ್ಚು ಓಡಿರುವುದಿಲ್ಲ, ಹಾಗಾಗಿ ಟೈರಿನ ಹಲ್ಲು ಇನ್ನೂ ದಪ್ಪಗೆ ಇರುತ್ತದೆ, ಆದರೆ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಅದು ಹಿಡಿಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು. ಐದಾರು ವರ್ಷ ದಾಟಿದ್ದರೆ ನೋಡಲು ಎಷ್ಟೇ ಚೆನ್ನಾಗಿರಲಿ, ಬದಲಾಯಿಸಲು ಹೇಳಿ. ಕಾನೂನು ಕೇಳುವುದು 1.6 ಮಿಲಿಮೀಟರ್ ಹಲ್ಲು, ನಮ್ಮ ಮಳೆಗೆ 3 ಮಿಲಿಮೀಟರ್‌ಗಿಂತ ಕಡಿಮೆ ಇಟ್ಟುಕೊಳ್ಳಬಾರದು ಅನ್ನುತ್ತೇನೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಾಗಲಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಆಮೇಲೆ ಉದ್ದದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಕುದಿದು ಪೆಡಲು ಮೆತ್ತಗಾಗುತ್ತದೆ.

ಇನ್ನೊಂದು, ರಸ್ತೆ ಮೇಲೆ ನೀರು ನಿಂತಿದ್ದರೆ ಇಳಿಸಬಾರದು. ಎಷ್ಟೋ ಕೂಪೆಗಳಲ್ಲಿ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಕೆಳಗೇ ಇರುತ್ತದೆ. ಒಳಗೆ ನೀರು ಹೋಗಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು, ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಮೂಲಿ ಇನ್ಶೂರೆನ್ಸ್ ಇದಕ್ಕೆ ದುಡ್ಡು ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಬೇರೆಯಾಗಿ ತೆಗೆದುಕೊಳ್ಳಬೇಕು. ಹಳೆ ಕಾರಿಗೆ ಅದು ಸಿಗುತ್ತದೆಯೇ ಅಂತ ಕೊಳ್ಳುವ ಮುಂಚೆಯೇ ಕೇಳಲಿ. ಮತ್ತೆ, ಶುಕ್ರವಾರ ಆಫೀಸು ಮುಗಿಸಿ ರಾತ್ರಿ ಹೊರಡುವ ಬದಲು ಶನಿವಾರ ಬೆಳಿಗ್ಗೆ ಬಾ ಅಂತ ನೀವೇ ಹೇಳಿ. ನಿಮ್ಮ ಮಾತು ಕೇಳುತ್ತಾನೆ.

ಪ್ರಶ್ನೆ: ಕುಶಾಲನಗರದಿಂದ ಬರೆಯುತ್ತಿದ್ದೇನೆ. ದೆಹಲಿ ನೋಂದಣಿಯ ಒಂದು ಮರ್ಸಿಡಿಸ್ ಎಸ್‌ಎಲ್‌ಕೆ ನಮ್ಮ ಕಡೆಯ ಬೆಲೆಗಿಂತ 5 ಲಕ್ಷ ಕಡಿಮೆಗೆ ಸಿಗುತ್ತಿದೆ. ಮಡಚುವ ಛಾವಣಿ ಬೇರೆ ಇದೆ. ತರಬಹುದೇ?

ಉತ್ತರ: ಆ 5 ಲಕ್ಷ ನಿಮ್ಮ ಜೇಬಿನಲ್ಲಿ ಉಳಿಯುವುದಿಲ್ಲ. 20 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ 18, ಮೇಲೆ ಸೆಸ್. ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಕಾರಿನ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ, ನಿಜ. ಆದರೂ ಆಗ 60 ಲಕ್ಷ ಬೆಲೆಯಿದ್ದ ಕಾರು ಅಂದುಕೊಳ್ಳಿ, ಪೂರ್ತಿ ತೆರಿಗೆ 10 ಲಕ್ಷ 80 ಸಾವಿರ ಆಗುತ್ತಿತ್ತು, ಅದರಲ್ಲಿ ಒಂದು ಪಾಲು ಕಟ್ಟಬೇಕಾದರೂ ನಿಮ್ಮ ಉಳಿತಾಯ ಅಲ್ಲೇ ಕರಗಿತು. ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಆ ಕಾರಿನ ಆರ್‌ಸಿ ನಕಲು ತೋರಿಸಿ ಎಷ್ಟಾಗುತ್ತದೆ ಅಂತ ಕೇಳಿ, ಆಮೇಲೆ ಮಾತಾಡಿ. ದೆಹಲಿಯಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ ಬೇಕು, ಕಾರಿನ ಮೇಲೆ ಸಾಲ ಇದ್ದರೆ ಅದು ತೀರಿತೆಂದು ಬ್ಯಾಂಕ್ ಕೊಡುವ ಫಾರಂ 35 ಬೇಕು, ವರ್ಗಾವಣೆಗೆ ಫಾರಂ 29 ಮತ್ತು 30.

ಮಡಚುವ ಛಾವಣಿ ಬಗ್ಗೆ ಹೇಳಬೇಕೆಂದರೆ, ನಮ್ಮ ಜಿಲ್ಲೆಗೆ ಅದು ಒಗ್ಗುವುದಿಲ್ಲ. ಸೀಲು ಹಳೆಯದಾಗಿರುತ್ತದೆ, ನೀರು ಹೋಗುವ ಸಣ್ಣ ಕೊಳವೆಗಳಲ್ಲಿ ಸಿಲ್ವರ್ ಓಕ್ ಎಲೆ ಕೂತು ಕಟ್ಟಿಕೊಳ್ಳುತ್ತದೆ, ನೀರು ಒಳಗೆ ಇಳಿಯುತ್ತದೆ. ನಿಮಗೆ ಗಟ್ಟಿ ಛಾವಣಿಯ ಕೂಪೆಯೇ ಸರಿ.

ಕೇರಳದ ಕಡೆಯಿಂದ ಬರುವ ಕಾರು ನೋಡುವವರಿಗೂ ಒಂದು ಮಾತು. 2018ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿ ಎಷ್ಟೋ ಕಾರು ಮುಳುಗಿದವು. ಅದಕ್ಕಿಂತ ಹಳೆಯ ಕಾರಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಕಲೆ ಇದೆಯೇ ನೋಡಿ, ಸೀಟಿನ ಕೆಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ ನೋಡಿ.

ಪ್ರಶ್ನೆ: ಸೋಮವಾರಪೇಟೆಯ ಶಿಕ್ಷಕಿ. ನನಗೂ ಯಜಮಾನರಿಗೂ ಡ್ರೈವಿಂಗ್ ಅಂದರೆ ಪ್ರಾಣ. 16 ಲಕ್ಷದೊಳಗೆ ಹಳೆಯ ಮಿನಿ ಕೂಪರ್ ಎಸ್ ಅಥವಾ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ, ಎರಡರಲ್ಲಿ ಯಾವುದು?

ಉತ್ತರ: ಮೇಡಂ, ಎರಡೂ ಕೂಪೆ ಅಲ್ಲದಿದ್ದರೂ ಮುಂದಿನ ಎರಡೇ ಬಾಗಿಲು, ಖುಷಿಯಲ್ಲಿ ಏನೂ ಕಡಿಮೆಯಿಲ್ಲ. ನಾನಾದರೆ ಪೋಲೊ. 2016ರಲ್ಲಿ ಬಂದದ್ದು, 1.8 ಲೀಟರ್ ಟರ್ಬೊ, 192 ಅಶ್ವಶಕ್ತಿ. ಹೊರಗಿನಿಂದ ನೋಡಿದರೆ ಊರಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಅದೂ ನನಗಿಷ್ಟ. ಮಿನಿಯಲ್ಲಿ ರನ್ ಫ್ಲಾಟ್ ಟೈರು ಬರುತ್ತದೆ, ಗಾಳಿ ಹೋದರೂ ಸ್ವಲ್ಪ ದೂರ ಓಡುತ್ತದೆ, ಆದರೆ ಅದರ ಗೋಡೆ ಗಡುಸು, ಸ್ಟೆಪ್ನಿಯೂ ಇರುವುದಿಲ್ಲ. ನಮ್ಮ ಒಳರಸ್ತೆಯಲ್ಲಿ ಬೆನ್ನಿಗೆ ಗೊತ್ತಾಗುತ್ತದೆ. ಪೋಲೊದಲ್ಲಿ ಒಂದು ಎಚ್ಚರ: ಅದರದು ಒಣ ಕ್ಲಚ್ಚಿನ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ನಿಂತು ನಿಂತು ಸಾಗುವ ಟ್ರಾಫಿಕ್‌ನಲ್ಲಿ ಬಳಸಿದ ಕಾರಾದರೆ ಒಂದರಿಂದ ಎರಡನೇ ಗೇರಿಗೆ ಬೀಳುವಾಗ ನಡುಗುತ್ತದೆ. ಟೆಸ್ಟ್ ಡ್ರೈವ್ ಅರ್ಧ ಗಂಟೆಗಿಂತ ಕಡಿಮೆ ಬೇಡ. ಮಾರಾಟವಾದದ್ದು ಕೆಲವೇ ಕಾರು, ಆದ್ದರಿಂದ ಬಂಪರ್, ದೀಪದಂಥ ಅದಕ್ಕೇ ಮೀಸಲಾದ ಭಾಗಗಳಿಗೆ ಕಾಯಬೇಕಾಗಬಹುದು. ಪೆಟ್ಟಾಗದ ಕಾರನ್ನೇ ಆರಿಸಿ.

ಪ್ರಶ್ನೆ: ನಾನು ಈಗಾಗಲೇ ಒಂದು ಕೂಪೆ ತಂದೆ, ವಿರಾಜಪೇಟೆಯಲ್ಲಿದೆ. ಕೈಯಲ್ಲಿ 1 ಲಕ್ಷ ಇದೆ. ಸದ್ದು ಮಾಡುವ ಎಕ್ಸಾಸ್ಟ್, ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಾಯಿಸುವ ರೀಮ್ಯಾಪ್, ಬಣ್ಣದ ಮೇಲೆ ಹಚ್ಚುವ ಸಿರಾಮಿಕ್ ಕೋಟಿಂಗ್, ಯಾವುದು ಮೊದಲು?

ಉತ್ತರ: ಮೂರೂ ಬೇಡ. ಕಂಪನಿ ಮಾಡಿದ ಮೂಲ ರೂಪ ಬದಲಾಯಿಸುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಕ್ಸಾಸ್ಟ್ ಸದ್ದಿಗೆ ದಂಡ ಬೀಳುತ್ತದೆ, ರಾತ್ರಿ ಅಕ್ಕಪಕ್ಕದವರ ನಿದ್ದೆಯೂ ಕೆಡುತ್ತದೆ. ರೀಮ್ಯಾಪ್ ಮಾಡಿಸಿದ್ದು ಇನ್ಶೂರೆನ್ಸ್‌ನವರಿಗೆ ತಿಳಿಸದಿದ್ದರೆ ಕ್ಲೇಮಿನ ದಿನ ತಕರಾರು. ಕೋಟಿಂಗ್ ಹೊಳಪು ಕೊಡುತ್ತದೆ, ಕಲ್ಲಿನ ಏಟು ತಡೆಯುವುದಿಲ್ಲ. ಏಟು ತಡೆಯುವುದು ಬಣ್ಣದ ಮೇಲೆ ಅಂಟಿಸುವ ದಪ್ಪನೆಯ ಪಾರದರ್ಶಕ ಪಿಪಿಎಫ್ ಫಿಲ್ಮ್, ಅದೂ ಮುಂದಿನ ಬಂಪರ್ ಮತ್ತು ಬಾನೆಟ್‌ಗೆ ಸಾಕು.

ಉಳಿದ ದುಡ್ಡಲ್ಲಿ ಶೆಡ್ ಸರಿ ಮಾಡಿ. ಇದನ್ನು ನಾನು ಕಷ್ಟಪಟ್ಟು ಕಲಿತದ್ದು. ನನ್ನ ಹಳೆ ಕೂಪೆಯನ್ನು ಒಂದು ಮಳೆಗಾಲ ಹೆಚ್ಚು ಓಡಿಸದೆ ಶೆಡ್ಡಿನಲ್ಲಿ ಬಿಟ್ಟಿದ್ದೆ. ಸೆಪ್ಟೆಂಬರ್‌ನಲ್ಲಿ ಬಾಗಿಲು ತೆಗೆದರೆ ಚರ್ಮದ ಸೀಟಿನ ತುಂಬ ಬೂಸ್ಟು, ಬ್ಯಾಟರಿ ಸತ್ತಿತ್ತು, ಬಾನೆಟ್ ಒಳಗೆ ಇಲಿ ಗೂಡು ಕಟ್ಟಿ ವೈರಿಂಗ್ ಕಡಿದು ಹಾಕಿತ್ತು. ಫ್ಲಾಟ್‌ಬೆಡ್ ಲಾರಿಯಲ್ಲಿ ಬೆಂಗಳೂರಿಗೆ ಕಳಿಸಿದೆ, ಒಂದು ಗ್ಯಾರೇಜಿನಲ್ಲಿ ಒಂದು ತಿಂಗಳು ನಿಂತಿತ್ತು. ಆ ಖರ್ಚಿನಲ್ಲಿ ಎರಡು ಸೆಟ್ ಟೈರು ಬರುತ್ತಿತ್ತು.

ಹಾಗಾಗಿ ನೆಲಕ್ಕೆ ಸಿಮೆಂಟು, ಮೂರೂ ಕಡೆ ಗೋಡೆ, ಗಾಳಿಯಾಡಲು ಜಾಗ, ಅದಕ್ಕೆ ಇಲಿ ನುಗ್ಗದ ಸಣ್ಣ ಕಣ್ಣಿನ ಜಾಲರಿ. ಬ್ಯಾಟರಿಗೆ ಸದಾ ಜೋಡಿಸಿಡುವ ಸಣ್ಣ ಚಾರ್ಜರ್ ಒಂದು. ಸೀಟಿನ ಕೆಳಗೆ ತೇವ ಹೀರುವ ಪೊಟ್ಟಣ, ತಿಂಗಳಿಗೊಮ್ಮೆ ಬದಲಾಯಿಸಿ. ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಒಳಗೇ ಬೆವರುತ್ತದೆ. ಮಳೆ ಬಿಟ್ಟ ದಿನ ವಾರಕ್ಕೊಮ್ಮೆಯಾದರೂ ತೆಗೆದು ಗೋಣಿಕೊಪ್ಪಲುವರೆಗೆ ಹೋಗಿ ಬನ್ನಿ, ಎಸಿ ಹಾಕಿಕೊಂಡೇ ಹೋಗಿ, ಒಳಗಿನ ತೇವ ಒಣಗುತ್ತದೆ.